ಫ್ರೆಂಡ್ಸ್ ಜೊತೆ ಕೂತು ನೋಡೋಕೆ ಯಾವ ಫಿಲಿಪಿನೋ ಇಂಡಿ ಸಿನಿಮಾ? ಮೊದ್ಲು ರೂಮಲ್ಲಿ ಯಾರಿದಾರೆ ನೋಡ್ಕೊಳ್ಳಿ

ನಾನು ಮೊದಲ್ನೇ ಸಲ ಮಾಡಿದ ತಪ್ಪು ಅಂದ್ರೆ ಅವಾರ್ಡ್ ನೋಡಿ ಸಿನಿಮಾ ಆರಿಸಿದ್ದು. ಮನಿಲಾಕ್ಕೆ ಕೆಲ್ಸಕ್ಕೆ ಬಂದು ಮೂರು ತಿಂಗ್ಳಾಗಿತ್ತು, ನೈಟ್ ಶಿಫ್ಟು, ಎಲ್ರಿಗೂ ಒಟ್ಟಿಗೆ ರಜ ಸಿಗೋದು ಶನಿವಾರ ಒಂದೇ, ನಾವು ಮೂರು ಜನ ಕನ್ನಡದವ್ರು, ಟೀಮಿನ ಮೂರು ಜನ ಫಿಲಿಪಿನೋಗಳು, ಅದ್ರಲ್ಲಿ ಒಬ್ಬಳ ಬರ್ತ್‌ಡೇ ಬೇರೆ. ಕೇಸನ್ ಸಿಟಿಯ ನಮ್ಮ ಬಾಡಿಗೆ ಮನೇಲಿ ಸೇರಿ ಈ ಊರಿನ ಸಿನಿಮಾ ಒಂದು ನೋಡೋಣ ಅಂದಾಗ ನಾನು ದೊಡ್ಡ ಬುದ್ಧಿವಂತನ ಥರ ಬ್ರಿಲಾಂಟೆ ಮೆಂಡೋಜಾದು ಕಿನಾತಾಯ್ ಹಾಕೋಣ, 2009ರಲ್ಲಿ ಕಾನ್ ಫಿಲ್ಮ್ ಫೆಸ್ಟಿವಲಲ್ಲಿ ಬೆಸ್ಟ್ ಡೈರೆಕ್ಟರ್ ಬಂದಿರೋದು ಅಂದೆ. ಬರ್ತ್‌ಡೇ ಹುಡುಗಿ 'ಶೂರ್ರಾ?' ಅಂತ ಎರಡು ಸಲ ಕೇಳಿದ್ಲು, ನಾನು ಅವಳು ಸಂಕೋಚ ಪಡ್ತಿದಾಳೆ ಅಂದ್ಕೊಂಡೆ. ಟೈಟಲ್ ಅರ್ಥನೇ ಕಡಿದಿದ್ದು ಅಂತ ಮೊದ್ಲೇ ಕೇಳಿಕೊಳ್ಬೇಕಿತ್ತು! ಬೆಳಿಗ್ಗೆ ಮದ್ವೆಯಾದ ಪೊಲೀಸ್ ಟ್ರೈನಿಂಗ್ ಹುಡುಗ ರಾತ್ರಿ ದುಡ್ಡಿಗೋಸ್ಕರ ಒಂದು ಗ್ಯಾಂಗ್ ಜೊತೆ ವ್ಯಾನ್ ಹತ್ತುತಾನೆ, ವ್ಯಾನಲ್ಲಿ ಒಬ್ಬ ಹೆಂಗಸು ಇದಾಳೆ, ಆಮೇಲೆ ಕತ್ಲು, ಕತ್ಲು, ಕತ್ಲು. ಕೇಕ್ ಕಟ್ ಮಾಡೋಕೆ ಅಂತ ಇಟ್ಟಿದ್ದ ಚಾಕು ಕಡೆ ಯಾರೂ ನೋಡ್ಲಿಲ್ಲ ಆವತ್ತು.

ಸಿನಿಮಾ ಕೆಟ್ಟದಾ? ಖಂಡಿತ ಅಲ್ಲ. ಒಬ್ನೇ ನೋಡಿದ್ರೆ ತಲೇಲಿ ವಾರ ಕೂರುತ್ತೆ. ಆದ್ರೆ ಆರು ಜನ, ಒಂದು ಕೇಕು, ಒಂದು ಸೋಫಾ ಇರೋ ಕಡೆ ಅದು ಆಗಲ್ಲ. ಆಮೇಲಿನ ಎರಡು ವರ್ಷದಲ್ಲಿ ಇದೇ ಗ್ಯಾಂಗ್ ಜೊತೆ ಸುಮಾರು ನೋಡಿದ್ವಿ, ಗ್ಯಾಂಗಿಗೆ ಇಲ್ಲಿ ಬರ್ಕಾಡಾ ಅಂತಾರೆ, ನಾವೂ ಈಗ ಹಂಗೇ ಅನ್ನೋದು. ಊರಿಂದ ಫ್ರೆಂಡ್ಸ್ ಮೆಸೇಜ್ ಮಾಡಿ 'ಲೋ ಒಂದು ಒಳ್ಳೆ ಫಿಲಿಪಿನೋ ಪಿಚ್ಚರ್ ಹೇಳೋ, ವೀಕೆಂಡ್ ಎಲ್ರೂ ಸೇರ್ತಿದೀವಿ' ಅಂದಾಗ್ಲೆಲ್ಲ ನಾನು ತಿರುಗಿ ಕೇಳೋದು ಒಂದೇ, ಯಾರ್ಯಾರು ಬರ್ತಿದಾರೆ, ಎಷ್ಟು ಹೊತ್ತು ಬಾಯಿ ಮುಚ್ಕೊಂಡು ಕೂರ್ತಾರೆ? ಇದು ಗೊತ್ತಾದ್ರೆ ಸಿನಿಮಾ ತಾನಾಗೇ ಸಿಗುತ್ತೆ.

ಇಂಡಿ, ಅಂದ್ರೆ ದೊಡ್ಡ ಸ್ಟುಡಿಯೋ ದುಡ್ಡಿಲ್ದೆ ಮಾಡಿದ ಸಿನಿಮಾ ಅಂದ ತಕ್ಷಣ ಇಲ್ಲಿನವ್ರ ಮುಖ ಹೆಂಗಾಗುತ್ತೆ ಅಂದ್ರೆ ನಮ್ಮೂರಲ್ಲಿ 'ಅವಾರ್ಡ್ ಪಿಚ್ಚರ್' ಅಂದಾಗ ಆಗುತ್ತಲ್ಲ, ಸೇಮ್. 2005ರಲ್ಲಿ ಸಿನೆಮಲಾಯಾ ಅಂತ ಫೆಸ್ಟಿವಲ್ ಶುರುವಾಯ್ತು, ಸ್ಕ್ರಿಪ್ಟ್ ಸೆಲೆಕ್ಟ್ ಆದವರಿಗೆ ಆಗ 5 ಲಕ್ಷ ಪೆಸೊ ಕೊಡ್ತಿದ್ರು, ಡಿಜಿಟಲ್ ಕ್ಯಾಮೆರಾ ಬೇರೆ ಬಂದಿತ್ತು, ಸ್ಟುಡಿಯೋ ಹಂಗಿಲ್ದೆ ಹುಡುಗ್ರು ಸಿನಿಮಾ ಮಾಡೋಕೆ ಶುರು ಮಾಡಿದ್ರು. ಕಡಿಮೆ ದುಡ್ಡಲ್ಲಿ ಶೂಟ್ ಮಾಡೋಕೆ ಸುಲಭ ಅಂದ್ರೆ ಸ್ಲಮ್ಮು, ಹೊರದೇಶದ ಫೆಸ್ಟಿವಲ್‌ಗಳಿಗೂ ಅದೇ ಬೇಕು, ಹಂಗಾಗಿ ಗಲ್ಲಿ, ಕೊಚ್ಚೆ, ಅಲ್ಲಾಡೋ ಕ್ಯಾಮೆರಾ ಇದೇ ಇಂಡಿ ಅಂತ ಒಂದು ಹೆಸ್ರು ಬಿದ್ದೋಯ್ತು. ಅಷ್ಟೇ ಇದ್ದಿದ್ರೆ ಈ ಪೋಸ್ಟ್ ಬರೀತಾನೇ ಇರ್ಲಿಲ್ಲ ಬಿಡಿ.

ಮೊದ್ಲು ನಗೋ ಸಿನಿಮಾ. ಎರಡು ಇದಾವೆ, ಯಾವ್ದು ಅಂತ ನಿಮ್ಮ ಗ್ಯಾಂಗ್ ಡಿಸೈಡ್ ಮಾಡುತ್ತೆ.

2011ರ ಆಂಗ್ ಬಬಾಯೆ ಸಾ ಸೆಪ್ಟಿಕ್ ಟ್ಯಾಂಕ್, ಅಂದ್ರೆ ಸೆಪ್ಟಿಕ್ ಟ್ಯಾಂಕಲ್ಲಿರೋ ಹೆಂಗಸು. ಒಂದೂವರೆ ಗಂಟೆ ಒಳಗೇ ಮುಗಿಯುತ್ತೆ. ಮೇಲೆ ಹೇಳಿದ ಸ್ಲಮ್ ಸಿನಿಮಾ ಚಟನೇ ಇಟ್ಕೊಂಡು ಆಡ್ಕೊಂಡಿರೋದು ಇದು. ಚೆನ್ನಾಗಿ ಉಂಡು ತಿಂದು ಬೆಳೆದ ಮೂರು ಜನ ಹುಡುಗ್ರು ಕಾಫಿ ಶಾಪಲ್ಲಿ ಕೂತ್ಕೊಂಡು, ಕಸದ ಗುಡ್ಡೆ ಪಕ್ಕ ಇರೋ ಬಡ ತಾಯಿ ಬಗ್ಗೆ ಸಿನಿಮಾ ಮಾಡಿ ಆಸ್ಕರ್ ಹೊಡೀಬೇಕು ಅಂತ ಸ್ಕೆಚ್ ಹಾಕ್ತಾರೆ. ಆ ತಾಯಿ ನೂಡಲ್ಸ್ ಬೇಯಿಸಿ, ನೀರು ಜಾಸ್ತಿ ಹಾಕಿ, ಮಕ್ಕಳಿಗೆಲ್ಲ ಹಂಚೋ ಸೀನ್ ಇದೆಯಲ್ಲ, ಮೊದಲ್ನೇ ಸಲ ಬಂದಾಗ ನಮ್ಮ ರೂಮಲ್ಲಿ ಎಲ್ರೂ ಗಂಭೀರ. ಅದೇ ಸೀನ್ ಆಮೇಲೆ ಡಾಕ್ಯುಮೆಂಟರಿ ಥರ ಬರುತ್ತೆ, ಮ್ಯೂಸಿಕಲ್ ಆಗಿ ಹಾಡ್ಕೊಂಡು ಬರುತ್ತೆ, ಬೇರೆ ಬೇರೆ ಹೀರೋಯಿನ್ ಹಾಕ್ಕೊಂಡು ಬರುತ್ತೆ, ಅಷ್ಟೊತ್ತಿಗೆ ಮೊದಲ್ನೇ ಸಲ ಗಂಭೀರವಾಗಿ ಕೂತಿದ್ದಕ್ಕೆ ನಮಗೇ ನಾಚಿಕೆ. ಇಲ್ಲಿನ ನಟಿ ಯೂಜೀನ್ ಡೊಮಿಂಗೊ ತನ್ನ ಪಾತ್ರ ತಾನೇ ಮಾಡಿದಾಳೆ, ಆಕ್ಟಿಂಗ್‌ನಲ್ಲಿ ಎಷ್ಟು ಥರ ಅಂತ ಆ ಹುಡುಗ್ರಿಗೆ ಪಾಠ ಮಾಡೋ ಸೀನ್ ಒಂದಿದೆ, ಬೇಸ್‌ಮೆಂಟಿಂದ ಟೆರೇಸ್ ತನಕ ಒಂದೊಂದೇ ಮಹಡಿ ಹತ್ತೋ ಲಿಫ್ಟ್ ಆಕ್ಟಿಂಗ್, ಟಿವಿ ನ್ಯೂಸಲ್ಲಿ ಮೈಕ್ ಹಿಡಿದ ತಕ್ಷಣ ಅಳೋರ ಆಕ್ಟಿಂಗ್, ಆಮೇಲೆ ಏನೂ ಮಾಡ್ದೆ ಸುಮ್ನಿರೋ ಆಕ್ಟಿಂಗ್. ನಮ್ಮ ಹುಬ್ಬಳ್ಳಿ ಹುಡುಗ ಆಫೀಸಲ್ಲಿ ಮ್ಯಾನೇಜರ್ ಮುಂದೆ ರಜ ಕೇಳುವಾಗ ಇವತ್ತಿಗೂ 'ಲಿಫ್ಟ್ ಹತ್ತಲೇನು?' ಅಂತ ನನ್ನ ಕಡೆ ನೋಡ್ತಾನೆ.

ಲಿಯೊನೊರ್ ವಿಲ್ ನೆವರ್ ಡೈ ಬೇರೆ ಥರ. ಮಾರ್ಟಿಕಾ ರಮಿರೆಜ್ ಎಸ್ಕೊಬಾರ್ ಅಂತ ಡೈರೆಕ್ಟರು, 2022ರಲ್ಲಿ ಅಮೆರಿಕದ ಸಂಡಾನ್ಸ್ ಫೆಸ್ಟಿವಲಲ್ಲಿ ಸ್ಪೆಷಲ್ ಜ್ಯೂರಿ ಪ್ರೈಜ್ ಬಂತು. ಒಂದು ಕಾಲದಲ್ಲಿ ಆ್ಯಕ್ಷನ್ ಸಿನಿಮಾಗಳಿಗೆ ಕಥೆ ಬರೀತಿದ್ದ ಅಜ್ಜಿ, ಈಗ ಮಗನ ಜೊತೆ ಇದಾಳೆ, ಹಳೇ ಅರ್ಧ ಸ್ಕ್ರಿಪ್ಟ್ ಒಂದನ್ನ ತೆಗೆದು ಬರೆಯೋಕೆ ಕೂರ್ತಾಳೆ, ಅಷ್ಟರಲ್ಲಿ ಮೇಲಿನ ಕಿಟಕಿಯಿಂದ ಟಿವಿ ಬಂದು ತಲೆ ಮೇಲೆ ಬೀಳುತ್ತೆ. ಹೌದು, ಟಿವಿ. ಕೋಮಾಕ್ಕೆ ಹೋದ ಅಜ್ಜಿ ತನ್ನ ಸ್ಕ್ರಿಪ್ಟ್ ಒಳಗೇ ಎದ್ದೇಳ್ತಾಳೆ, ಅಲ್ಲಿ ಹೀರೋ ಡೈಲಾಗ್ ಹೊಡೆಯೋ ಮುಂಚೆನೇ ಡೈಲಾಗ್ ಇವಳಿಗೆ ಗೊತ್ತು, ಬರೆದಿರೋಳೇ ಅವಳಲ್ವಾ. ಆ ಒಳಗಿನ ಸಿನಿಮಾನ ಹಳೇ ಕಾಲದ ಫೈಟಿಂಗ್ ಪಿಚ್ಚರ್ ಥರನೇ ತೆಗೆದಿದಾರೆ, ಅದೇ ಮಾಸಲು ಬಣ್ಣ, ಗುದ್ದಿದ್ರೆ 'ಡಿಶುಂ' ಅನ್ನೋ ಡಬ್ಬಿಂಗ್ ಸೌಂಡು. ಚಿಕ್ಕಂದಿನಲ್ಲಿ ಭಾನುವಾರ ಸಂಜೆ ಟಿವಿಲಿ ಟೈಗರ್ ಪ್ರಭಾಕರ್ ಫೈಟ್ ನೋಡಿ ಬೆಳೆದಿರೋರಿಗೆ ಸಬ್‌ಟೈಟಲ್ಲೇ ಬೇಡ. ಆದ್ರೆ ಕೊನೇ ಅರ್ಧ ಗಂಟೆ ಕಥೆ ಎತ್ತೆತ್ಲಾಗೋ ಹೋಗುತ್ತೆ, 'ಈಗ ಇದು ನಿಜನಾ ಕನಸಾ' ಅಂತ ಪ್ರತಿ ನಿಮಿಷ ಕೇಳೋ ಒಬ್ಬ ಎಲ್ಲಾ ಗ್ಯಾಂಗಲ್ಲೂ ಇರ್ತಾನೆ, ಅವ್ನು ನಿಮ್ಮಲ್ಲೂ ಇದ್ರೆ ಸೆಪ್ಟಿಕ್ ಟ್ಯಾಂಕೇ ಹಾಕಿ. ಸಿನಿಮಾ ಹುಚ್ಚಿರೋ ನಾಲ್ಕೇ ಜನ ಇದ್ರೆ ಕಣ್ಮುಚ್ಕೊಂಡು ಲಿಯೊನೊರ್.

ಇನ್ನು ಲವ್. ಗ್ಯಾಂಗಲ್ಲಿ ಇತ್ತೀಚೆಗೆ ಬ್ರೇಕಪ್ ಆಗಿರೋರು ಯಾರಾದ್ರೂ ಇದಾರಾ ಅಂತ ಮೊದ್ಲು ಸೈಲೆಂಟಾಗಿ ವಿಚಾರಿಸಿಕೊಳ್ಳಿ, ತಮಾಷೆ ಮಾಡ್ತಿಲ್ಲ.

ಆಂಟೊನೆಟ್ ಹದವೋನೆ ಮಾಡಿರೋ ದಟ್ ಥಿಂಗ್ ಕಾಲ್ಡ್ ತದ್‌ಹಾನಾ 2014ರದ್ದು. ತದ್‌ಹಾನಾ ಅಂದ್ರೆ ವಿಧಿ, ಹಣೆಬರಹ. ರೋಮ್ ಏರ್‌ಪೋರ್ಟಲ್ಲಿ ಲಗೇಜ್ ತೂಕ ಜಾಸ್ತಿಯಾಗಿ ಸೂಟ್‌ಕೇಸ್ ಬಿಚ್ಕೊಂಡು ಅಳ್ತಾ ಕೂತಿರೋ ಹುಡುಗಿ, ನನ್ನ ಲಗೇಜಲ್ಲಿ ಜಾಗ ಇದೆ ಹಾಕು ಅನ್ನೋ ಅಪರಿಚಿತ ಹುಡುಗ, ಅಲ್ಲಿಂದ ಮನಿಲಾ, ಬಸ್ ಹತ್ತಿ ಬಗಿಯೊ, ಅಲ್ಲಿಂದ ಸಗಾಡಾ ಬೆಟ್ಟ, ಅಷ್ಟೇ ಕಥೆ. ಮಾತು, ಮಾತು, ಮಾತು. ಈ ಮಾತುಗಳಿಗೆ ಇಲ್ಲಿ ಹೂಗೊತ್ ಅಂತ ಹೆಸ್ರೇ ಇದೆ, ಅಂದ್ರೆ ಒಳಗಿಂದ ಎಳೆದು ತೆಗೆದದ್ದು, ಎದೆ ಒಳಗೆ ಸಿಕ್ಕಿಹಾಕ್ಕೊಂಡಿದ್ದು ಒಂದು ಸಾಲಲ್ಲಿ ಹೊರಗೆ ಬರೋದು. ಬೆಟ್ಟದ ಮೇಲೆ ಬೆಳಗಿನ ಜಾವ ಮೋಡದ ಮುಂದೆ ನಿಂತು ಅವಳು ಕಿರುಚೋ ಸೀನ್ ಆದ್ಮೇಲೆ ಇಡೀ ದೇಶದ ಭಗ್ನಪ್ರೇಮಿಗಳು ಸಗಾಡಾಗೆ ಬಸ್ ಹತ್ತಿದ್ರು, ಆ ಪುಟ್ಟ ಊರಲ್ಲಿ ಟೂರಿಸ್ಟ್ ಜಾಸ್ತಿಯಾಗಿ ಟ್ರಾಫಿಕ್ ಜಾಮು, ನೀರಿಗೆ ತಾಪತ್ರಯ ಅನ್ನೋ ಮಟ್ಟಿಗೆ ಹೋಯ್ತು.

ಇಲ್ಲಿ ಒಂದು ಮಜಾ ಹೇಳ್ಬೇಕು. ಸಿನಿಮಾ ಮಧ್ಯೆ ನಮ್ಮ ಫಿಲಿಪಿನೋ ಹುಡುಗಿ ಪಾತ್ರವೊಂದನ್ನ ನೋಡಿ 'ಪಾಸಾ!' ಅಂತ ಬೈದ್ಲು. ಏನು ಹಂಗಂದ್ರೆ ಅಂದ್ರೆ, ಸುಮ್ಸುಮ್ನೆ ಆಸೆ ಹುಟ್ಟಿಸಿ ಕೈ ಕೊಡೋನು ಅಂತೆ. ಪಾ ಅನ್ನೋದು ಪ್ರತ್ಯಯ, ಉಳಿದಿದ್ದು ಆಸಾ, ಅದು ನಮ್ಮ ಆಸೆನೇ ಕಣ್ರೀ, ಸಂಸ್ಕೃತದಿಂದ ಸಮುದ್ರ ದಾಟಿ ಹೋಗಿರೋದು. ಅಲ್ಲಿಂದ ಸಿನಿಮಾ ಪಾಸ್ ಮಾಡಿ ಪದ ಹುಡುಕಾಟ ಶುರು, ಮುಖಾ ಅಂದ್ರೆ ಮುಖ, ಗುರೊ ಅಂದ್ರೆ ಮೇಷ್ಟ್ರು, ದುಖಾ ಅಂದ್ರೆ ಬಡವ. ದುಃಖ ಅನ್ನೋ ಪದ ಇಲ್ಲಿ ಬಂದು ಬಡವನಿಗೆ ಹೆಸರಾಗಿದೆ ನೋಡಿ ಅಂತ ನಮ್ಮ ಶಿವಮೊಗ್ಗದ ಮೇಡಂ ಒಬ್ರು ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ. ಸಿನಿಮಾ ಮುಗಿಯೋಕೆ ಆವತ್ತು ಮೂರು ಗಂಟೆ ಆಯ್ತು.

ಕೀತಾ ಕೀತಾ 2017ರದ್ದು, ಸಿಗ್ರಿಡ್ ಆಂಡ್ರಿಯಾ ಬರ್ನಾರ್ಡೊ ಡೈರೆಕ್ಷನ್ನು. ಇಂಡಿ ಬಜೆಟ್ಟಲ್ಲಿ ಮಾಡಿದ್ದು ಇಲ್ಲಿನ ಬಾಕ್ಸಾಫೀಸಲ್ಲಿ 300 ಮಿಲಿಯನ್ ಪೆಸೊ ದಾಟ್ತು. ಜಪಾನಿನ ಸಪ್ಪೊರೊದಲ್ಲಿ ಟೂರ್ ಗೈಡ್ ಆಗಿರೋ ಹುಡುಗಿಗೆ ಪ್ರೀತಿಲಿ ಮೋಸ ಆಗಿ, ಆ ಶಾಕಿಗೆ ಸ್ವಲ್ಪ ದಿನ ಕಣ್ಣೇ ಕಾಣಿಸಲ್ಲ, ಎದುರುಮನೆಲಿ ತನ್ನೂರಿನವನೇ ಒಬ್ಬ, ಎಂಪೊಯ್ ಅಂತ ಕಾಮಿಡಿ ಆ್ಯಕ್ಟರ್ ಹೀರೋ. ಹೀರೋ ಮುಖಾನೇ ಅಲ್ಲ, ಅದೇ ಈ ಸಿನಿಮಾದ ಬಂಡವಾಳ. ಬಾಳೆಹಣ್ಣಿನ ವೇಷ ಹಾಕ್ಕೊಂಡು ಬರ್ತಾನೆ ಒಂದು ಕಡೆ, ಮನಿಲಾ ಕಡೆ ಭಾಷೆ ತಗಾಲಾಗ್‌ನಲ್ಲಿ ಬಾಳೆ ಹೂವಿಗೆ ಬಾಳೆಯ ಹೃದಯ ಅಂತ ಕರೀತಾರೆ ಅಂತ ಗೊತ್ತಿದ್ರೆ ಆ ಜೋಕು ಇನ್ನೊಂದು ಸುತ್ತು ಕಚಗುಳಿ ಇಡುತ್ತೆ. ಅರ್ಧದ ಮೇಲೆ ಕಥೆ ಪೂರ್ತಿ ಮಗುಚಿಕೊಳ್ಳುತ್ತೆ, ಅದಕ್ಕೇ ಮೊದ್ಲೇ ನೋಡಿರೋನು ಯಾವನಾದ್ರೂ ರೂಮಲ್ಲಿದ್ರೆ ಅವನ್ನ ಅಡುಗೆಮನೆಗೆ ಕಳ್ಸಿ.

ಎರಡರಲ್ಲಿ ಯಾವ್ದು? ಮಧ್ಯೆ ಮಾತಾಡ್ತಾ, ತಮ್ಮ ಹಳೇ ಕಥೆ ಹೇಳ್ಕೋತಾ ನೋಡೋ ಗ್ಯಾಂಗಿಗೆ ತದ್‌ಹಾನಾ, ಅಪ್ಪ ಅಮ್ಮ ಊರಿಂದ ಬಂದಿದಾರೆ, ತಂಗಿ ಇದಾಳೆ ಅಂದ್ರೆ ಕೀತಾ ಕೀತಾ. ನನಗೆ ಪರ್ಸನಲಿ ಕೀತಾ ಕೀತಾದ ಹುಡುಗ ಎದುರುಮನೆಯಿಂದ ನೋಡ್ತಾ ಕೂರೋದು ಸ್ವಲ್ಪ ಕಿರಿಕಿರಿ ಆಗುತ್ತೆ, ನಮ್ಮ ರೂಮಲ್ಲಿ ಹುಡುಗೀರಿಬ್ರೂ ಅದನ್ನೇ ಅಂದ್ರು, ಹುಡುಗ್ರೆಲ್ಲ ಕಣ್ಣೊರೆಸ್ಕೋತಿದ್ರು. ಜಗಳ ಬೇಕಾದ್ರೆ ಅದೂ ಸಿಗುತ್ತೆ ಅಂತ ಇಟ್ಕೊಳ್ಳಿ.

ನಗುನೂ ಬೇಕು ಸ್ವಲ್ಪ ಎದೆಗೂ ತಾಗ್ಬೇಕು ಅನ್ನೋರಿಗೆ ನನ್ನ ಓಟು ಪತಾಯ್ ನಾ ಸಿ ಹೆಸುಸ್‌ಗೆ, 2016. ಟೈಟಲ್ ಅರ್ಥ ಯೇಸು ಸತ್ತ ಅಂತ, ಗಾಬರಿ ಬೇಡ, ಹೆಸುಸ್ ಅನ್ನೋದು ಬಿಟ್ಟು ಹೋದ ಗಂಡನ ಹೆಸ್ರು, ನಾಯಿ ಹೆಸ್ರು ಹೂದಾಸ್, ಯೇಸುಗೆ ದ್ರೋಹ ಮಾಡಿದ ಯೂದನದ್ದು. ಗಂಡ ಸತ್ತ ಸುದ್ದಿ ಬಂದು ಹೆಂಡ್ತಿ ತನ್ನ ಮೂರು ದೊಡ್ಡ ಮಕ್ಕಳನ್ನ ಲಟಾರಿ ವ್ಯಾನಲ್ಲಿ ತುಂಬ್ಕೊಂಡು ಸೆಬುವಿಂದ ಡುಮಗೆಟೆಗೆ ಮಣ್ಣಿಗೆ ಹೊರಡ್ತಾಳೆ. ಸಾವಿನ ಮನೆ ಅಂದ್ರೆ ಅಳೋದಷ್ಟೇ ಅಲ್ಲ, ಅಲ್ಲಿ ಊಟ ಯಾರು ಮಾಡಿಸೋದು, ಯಾರು ಯಾರ ಮುಖ ನೋಡಲ್ಲ, ಆಸ್ತಿ ಏನಾಯ್ತು ಅನ್ನೋ ಗಲಾಟೆಯೆಲ್ಲ ಇರುತ್ತೆ ಅಂತ ನಮಗೆ ನಮ್ಮ 'ತಿಥಿ' ಸಿನಿಮಾ ನೋಡಿ ಗೊತ್ತೇ ಇದೆ, ಅದು ಇಷ್ಟ ಆದೋರಿಗೆ ಇದು ಆಗೇ ಆಗುತ್ತೆ. ಇನ್ನೊಂದು ಒಳ್ಳೇದೇನಂದ್ರೆ ಇದು ಸೆಬುವಾನೊ ಭಾಷೇಲಿದೆ, ತಗಾಲಾಗ್ ಅಲ್ಲ, ಹಂಗಾಗಿ ಮನಿಲಾದ ನಮ್ಮ ಫ್ರೆಂಡ್ಸೂ ನಮ್ ಥರನೇ ಸಬ್‌ಟೈಟಲ್ ಓದ್ಕೊಂಡೇ ನೋಡಿದ್ರು. ಆವತ್ತು ಯಾರೂ ಯಾರಿಗೂ ಏನೂ ವಿವರಿಸೋ ಹಂಗಿರ್ಲಿಲ್ಲ, ಎಲ್ರೂ ಒಂದೇ ಟೈಮಿಗೆ ನಕ್ಕಿದ್ದು ಅದೊಂದೇ ಸಿನಿಮಾಕ್ಕೆ.

ಅದ್ರಲ್ಲಿ ತಾಯಿ ಪಾತ್ರ ಮಾಡಿರೋದು ಜಾಕ್ಲಿನ್ ಹೊಸೆ. ಅದೇ ವರ್ಷ ಮಾ ರೋಸಾ ಸಿನಿಮಾಗೆ ಕಾನ್‌ನಲ್ಲಿ ಬೆಸ್ಟ್ ಆ್ಯಕ್ಟ್ರೆಸ್ ತಗೊಂಡೋಳು, ಫಿಲಿಪಿನೋ ನಟಿಗೆ ಅದು ಮೊದಲ್ನೇ ಸಲ. 2024ರಲ್ಲಿ ತೀರ್ಕೊಂಡ್ರು. ಮಾ ರೋಸಾ ಸೀರಿಯಸ್ ಸಿನಿಮಾ ಬೇಕು ಅನ್ನೋ ಗ್ಯಾಂಗಿಗೆ. ಡೈರೆಕ್ಟರ್ ಮತ್ತೆ ಅದೇ ಮೆಂಡೋಜಾ, ಆದ್ರೆ ಕಿನಾತಾಯ್ ಥರ ಹೊಟ್ಟೆ ತೊಳಸಲ್ಲ. ಇಲ್ಲಿ ಗಲ್ಲಿಗೊಂದು ಸಾರಿ ಸಾರಿ ಸ್ಟೋರ್ ಇರುತ್ತೆ, ನಮ್ಮ ಪೆಟ್ಟಿಗೆ ಅಂಗಡಿನೇ, ಕಂಬಿ ಹಿಂದೆ ಒಬ್ಳು ಆಂಟಿ, ಶ್ಯಾಂಪೂ ಸ್ಯಾಶೆ ಸಾಲಾಗಿ ನೇತು ಹಾಕಿರ್ತಾರೆ, ಬಿಡಿ ಸಿಗರೇಟು, ಒಂದೇ ಒಂದು ಮೊಟ್ಟೆ ಬೇಕಾದ್ರೂ ಕೊಡ್ತಾರೆ. ರೋಸಾ ಅಂಥ ಅಂಗಡಿಯೋಳು, ಸೈಡಲ್ಲಿ ಡ್ರಗ್ಸ್ ಪೊಟ್ಟಣನೂ ಮಾರ್ತಾಳೆ. ಪೊಲೀಸ್ರು ಗಂಡ ಹೆಂಡ್ತೀನ ಎತ್ತಾಕ್ಕೊಂಡ್ ಹೋಗ್ತಾರೆ, ಬಿಡೋಕೆ ಇಷ್ಟು ದುಡ್ಡು ಅಂತಾರೆ, ಮಕ್ಕಳು ರಾತ್ರಿಯಿಡೀ ಊರೆಲ್ಲ ತಿರುಗಿ ದುಡ್ಡು ಹೊಂಚ್ತಾರೆ, ಒಬ್ಬ ಟಿವಿ ಮಾರೋಕೆ ಹೊರಡ್ತಾನೆ. ಕೊನೇಲಿ ಅವಳು ರಸ್ತೆ ಬದಿ ನಿಂತು ಕಡ್ಡಿಗೆ ಚುಚ್ಚಿದ ತಿಂಡಿ ತಿಂತಾ, ಜಗೀತಾ ಜಗೀತಾ ಅಳ್ತಾಳೆ. ಡೈಲಾಗ್ ಇಲ್ಲ. ಆ ಒಂದು ತುತ್ತಿಗೇ ಪ್ರೈಜ್ ಕೊಟ್ಟಿರ್ಬೇಕು ಅಂತ ನನ್ನ ಅಂದಾಜು.

ಇದರ ಜೋಡಿಗೆ 2006ರ ಕುಬ್ರದೋರ್ ಇಟ್ಟು ನೋಡಿ. ಜೆಫ್ರಿ ಜೆತುರಿಯನ್ ಮಾಡಿದ್ದು, ಹ್ವೆತೆಂಗ್ ಅನ್ನೋ ನಂಬರ್ ಜೂಜಿಗೆ ಮನೆ ಮನೆ ಸುತ್ತಿ ದುಡ್ಡು ಎತ್ತೋ ಹೆಂಗಸಿನ ಕಥೆ, ನಮ್ಮೂರ ಓಸಿ ಚೀಟಿ ಬರೆಯೋರನ್ನ ಕಂಡಿರೋರಿಗೆ ಅಕ್ಷರಶಃ ಪಕ್ಕದ ಮನೆ ಕಥೆ. ಕನಸಲ್ಲಿ ಏನು ಕಂಡ್ತು, ಅದಕ್ಕೆ ಯಾವ ನಂಬರು ಅಂತ ಲೆಕ್ಕ ಹಾಕೋದು ಸಮೇತ. ಯಾರಾದ್ರೂ ಸತ್ರೆ ಚಂದಾ ಎತ್ತೋಕೂ ಇವಳೇ ಹೋಗೋದು, ಅದೇ ಮನೆಗಳಿಗೆ, ಅದೇ ಕಾಲಲ್ಲಿ. ಮಾ ರೋಸಾ ಓಡಿಸ್ಕೊಂಡು ಹೋಗುತ್ತೆ, ಕುಬ್ರದೋರ್ ನಡೆಸ್ಕೊಂಡು ಹೋಗುತ್ತೆ. ಮನಿಲಾ ಗಲ್ಲಿ ಹೆಂಗಿರುತ್ತೆ ಅಂತ ನೋಡೋಕೆ ನನಗೆ ಎರಡನೇದೇ ಇಷ್ಟ, ಪಾರ್ಟಿಗೆ ಎರಡೂ ಬೇಡ.

ಗ್ಯಾಂಗಲ್ಲಿ ಯಾರಾದ್ರೂ ತಮ್ಮ ಬಗ್ಗೆ ಮನೇಲಿ ಹೇಳ್ಕೊಳ್ಳೋಕಾಗ್ದೆ ಒದ್ದಾಡ್ತಿರೋರು ಇದ್ರೆ ಸದ್ದಿಲ್ದೆ ಆಂಗ್ ಪಗ್‌ದದಲಗಾ ನಿ ಮಾಕ್ಸಿಮೊ ಒಲಿವೆರೊಸ್ ಹಾಕಿ, ಸಿನೆಮಲಾಯಾದ ಮೊದಲ್ನೇ ವರ್ಷದ್ದು, 2005. ಹನ್ನೆರಡು ವರ್ಷದ ಹುಡುಗ, ಹುಡುಗಿ ಥರ ನಡೀತಾನೆ, ತಲೇಲಿ ಹೂವು ಮುಡೀತಾನೆ, ಕಳ್ಳತನ ಮಾಡೋ ಅಪ್ಪ ಅಣ್ಣಂದಿರಿಗೆ ಅಡುಗೆ ಮಾಡಿ ಹಾಕ್ತಾನೆ, ಅವ್ರಿಗೆ ಇವನು ಹಿಂಗಿರೋದ್ರಲ್ಲಿ ಎಳ್ಳಷ್ಟೂ ತಕರಾರಿಲ್ಲ. ತಕರಾರು ಇವನಿಗೆ ಪೊಲೀಸ್ ಒಬ್ಬನ ಮೇಲೆ ಮನಸಾಗೋದ್ರಲ್ಲಿ. ಭಾಷಣ ಇಲ್ದೆ ಇರೋ ಸಿನಿಮಾ.

ಹೆನೆರಾಲ್ ಲೂನಾ (2015) ಬಗ್ಗೆ ತುಂಬಾ ಜನ ಕೇಳ್ತಾರೆ. ದೊಡ್ಡ ಸ್ಕ್ರೀನ್ ಇದ್ರೆ ನೋಡಿ, 1899ರಲ್ಲಿ ತನ್ನ ಕಡೆಯವ್ರೇ ಕೊಂದ ಜನರಲ್ ಕಥೆ, ಹೊಡೆದಾಟ ಇದೆ, ಬೈಗುಳ ಸಖತ್ತಾಗಿದೆ. ನೋಡೋ ಮುಂಚೆ ಐದು ನಿಮಿಷ ಇತಿಹಾಸ ಓದ್ಕೊಳ್ಳಿ, ಯಾಕಂದ್ರೆ ಸಿನಿಮಾ ಬಂದಾಗ ಇಲ್ಲಿನ ಸ್ಟೂಡೆಂಟ್ಸೇ 'ಆ ಮಬಿನಿ ಯಾಕೆ ಇಡೀ ಸಿನಿಮಾ ಕೂತೇ ಇರ್ತಾನೆ, ಎದ್ದೇಳೋದೇ ಇಲ್ವಲ್ಲ' ಅಂತ ಕೇಳಿ ದೊಡ್ಡ ಸುದ್ದಿಯಾಗಿತ್ತು. ಆಗಿನ ಕಾಲದ ಪ್ರಧಾನಿ ಅಪೊಲಿನಾರಿಯೊ ಮಬಿನಿಗೆ ಎರಡೂ ಕಾಲಿಗೆ ಲಕ್ವ ಹೊಡೆದಿತ್ತು, ಇಲ್ಲಿ ನೋಟು ನಾಣ್ಯದ ಮೇಲೆಲ್ಲ ಬಂದಿರೋ ಮನುಷ್ಯ ಆತ.

ಇನ್ನು ಲಾವ್ ಡಿಯಾಜ್, ಗಂಟೆಗಟ್ಲೆ ಉದ್ದದ ಸಿನಿಮಾ ಮಾಡೋ ಡೈರೆಕ್ಟರು. ಕೇಳೇ ಕೇಳ್ತೀರ ಅಂತ ಗೊತ್ತು. ಆಂಗ್ ಬಬಾಯೆಂಗ್ ಹುಮಾಯೊ, ಹೋದ ಹೆಂಗಸು, 2016ರಲ್ಲಿ ವೆನಿಸ್ ಫೆಸ್ಟಿವಲ್ಲಿನ ದೊಡ್ಡ ಪ್ರೈಜ್ ಗೋಲ್ಡನ್ ಲಯನ್ ಬಂತು, ಕಪ್ಪು ಬಿಳುಪು, ಮೂರೂಮುಕ್ಕಾಲು ಗಂಟೆ. ಅವರ ಲೆಕ್ಕದಲ್ಲಿ ಇದು ಚಿಕ್ಕದು, ಅದೇ ವರ್ಷದ ಇನ್ನೊಂದು ಎಂಟು ಗಂಟೆ ಇದೆ. ಮಾಡದ ತಪ್ಪಿಗೆ 30 ವರ್ಷ ಜೈಲಲ್ಲಿದ್ದ ಟೀಚರ್ ಹೊರಗೆ ಬಂದು, ಸಿಕ್ಕಿಹಾಕಿಸಿದವನನ್ನ ಹುಡುಕ್ಕೊಂಡು ಹೋಗ್ತಾಳೆ, ಟಾಲ್‌ಸ್ಟಾಯ್ ಕಥೆಯೊಂದರ ಎಳೆ. ಕ್ಯಾಮೆರಾ ಒಂದು ಕಡೆ ನಿಂತ್ರೆ ನಿಂತೇ ಇರುತ್ತೆ, ರಸ್ತೆ ಆ ತುದಿಯಿಂದ ಮನುಷ್ಯ ನಡ್ಕೊಂಡು ಈ ತುದಿಗೆ ಬರೋ ತನಕ ನೀವೂ ಕಾಯ್ಬೇಕು. ನಲವತ್ತನೇ ನಿಮಿಷಕ್ಕೆ ನಮ್ಮ ಹುಬ್ಬಳ್ಳಿಯವನು 'ಏನಲೇ ಇದು, ಆಕಿ ಇನ್ನಾ ನಡಕೋಂತನ ಹೊಂಟಾಳ' ಅಂದ, ಎಲ್ರೂ ನಕ್ವಿ, ಆದ್ರೆ ಎದ್ದು ಹೋಗ್ಲಿಲ್ಲ ಅವ್ನು. ರಾತ್ರಿ ಹೊತ್ತು ಬಲುತ್ ಮೊಟ್ಟೆ ಮಾರೋ ಗೂನು ಬೆನ್ನಿನವನ ಜೊತೆ ಅವಳು ಮಾತಾಡೋ ಸೀನ್‌ಗಳು ಬಂದ್ಮೇಲೆ ಫೋನ್ ಕೂಡ ತೆಗೀಲಿಲ್ಲ. ನಾವು ಮಧ್ಯಾಹ್ನ ಎರಡಕ್ಕೆ ಶುರು ಮಾಡಿ, ಎರಡು ಸಲ ಟೀ ಬ್ರೇಕ್ ತಗೊಂಡು ನೋಡಿದ್ದು. ಮೂರಕ್ಕಿಂತ ಜಾಸ್ತಿ ಜನ ಬೇಡ, ರಾತ್ರಿ ಊಟ ಆದ್ಮೇಲಂತೂ ಶುರು ಮಾಡ್ಲೇಬೇಡಿ, ಮಲಗ್ತೀರ.

ಮನೇಲಾ ಥಿಯೇಟರಲ್ಲಾ ಅನ್ನೋದಕ್ಕೆ, ಮನಿಲಾದಲ್ಲಿರೋರಿಗೆ ಥಿಯೇಟರೇ. ಸಿನೆಮಲಾಯಾ ಸಾಮಾನ್ಯವಾಗಿ ಆಗಸ್ಟ್ ಸುಮಾರಿಗೆ, ಅದರ ಮನೆ ಅಂದ್ರೆ ರೋಹಾಸ್ ಬುಲೆವಾರ್ಡ್‌ನ ಕಲ್ಚರಲ್ ಸೆಂಟರ್, ಆದ್ರೆ ಆ ದೊಡ್ಡ ಬಿಲ್ಡಿಂಗ್ 2023ರಿಂದ ರಿಪೇರಿಗೆ ಮುಚ್ಚಿದ್ದು, ಫೆಸ್ಟಿವಲ್ ಜಾಗ ಬದಲಾಗ್ತಾ ಇರುತ್ತೆ, ನೋಡ್ಕೊಂಡು ಹೊರಡಿ. ಫೆಸ್ಟಿವಲಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇರುತ್ತೆ, ಮಾಲ್‌ನ ಮಾಮೂಲಿ ಶೋಗೆ ಹೋದ್ರೆ ಇಲ್ದೇ ಇರಬಹುದು, ಟಿಕೆಟ್ ತಗೊಳ್ಳೋ ಮುಂಚೆ ಕೌಂಟರಲ್ಲಿ ಕೇಳಿ. ಯುನಿವರ್ಸಿಟಿ ಆಫ್ ಫಿಲಿಪೀನ್ಸ್ ಒಳಗೆ ದಿಲಿಮಾನಲ್ಲಿ ಸಿನೆ ಅದರ್ನಾ ಇದೆ, ಸ್ಟೂಡೆಂಟ್ಸ್ ಗುಂಪಲ್ಲಿ ಕಾಮಿಡಿ ನೋಡೋ ಮಜಾನೇ ಬೇರೆ. ಊರಲ್ಲಿರೋರು ಓಟಿಟಿ ನಂಬ್ಕೊಂಡು ಶನಿವಾರ ಸಂಜೆ ಹುಡುಕೋಕೆ ಕೂರ್ಬೇಡಿ, ಹೋದ ತಿಂಗ್ಳು ಇದ್ದಿದ್ದು ಈ ತಿಂಗ್ಳು ಇರಲ್ಲ, ಎರಡು ದಿನ ಮುಂಚೆನೇ ಚೆಕ್ ಮಾಡಿ, ಸಬ್‌ಟೈಟಲ್ ಸರಿ ಬರ್ತಿದೆಯಾ ಅಂತ ಹತ್ತು ನಿಮಿಷ ಓಡ್ಸಿ ನೋಡಿ. ಒಬ್ರಾದ್ರೂ ಫಿಲಿಪಿನೋ ಫ್ರೆಂಡ್ ಸಿಕ್ಕಿದ್ರೆ ಕರೀರಿ, ದುಬೈಲಿ ಬೆಂಗ್ಳೂರಲ್ಲಿ ಎಲ್ಲಾದ್ರೂ ಆಗ್ಲಿ, ತಗಾಲಾಗ್ ಇಂಗ್ಲಿಷ್ ಕಲಸಿ ಆಡೋ ಜೋಕು ಸಬ್‌ಟೈಟಲಲ್ಲಿ ಅರ್ಧ ಸತ್ತೋಗಿರುತ್ತೆ.

ತಿನ್ನೋಕೆ ಬಾಳೆಹಣ್ಣು ಸುತ್ತಿ ಕರಿಯೋ ತುರೋನ್ ತರ್ಸಿ, ವೆಜ್ಜು, ಬೆಲ್ಲದ ಪಾಕ ಹಿಡಿದ ಥರ ಗರಿಗರಿ ಇರುತ್ತೆ, ಎಲ್ರಿಗೂ ಆಗುತ್ತೆ. ಕ್ರೊಪೆಕ್ ಅಂತ ಬಿಳೀ ಹಪ್ಪಳದಂಥದ್ದು ಪ್ಯಾಕೆಟಲ್ಲಿ ಬರುತ್ತೆ, ನಮ್ಮ ಶಿವಮೊಗ್ಗದ ಮೇಡಂ ಪಕ್ಕಾ ವೆಜ್ಜು, 'ಅಯ್ಯೋ ನಮ್ಮನೆ ಅಕ್ಕಿ ಸಂಡಿಗೆ ಥರನೇ ಇದೆ' ಅಂತ ಕತ್ಲಲ್ಲಿ ಸಿನಿಮಾ ನೋಡ್ತಾ ಅರ್ಧ ಪ್ಯಾಕೆಟ್ ಖಾಲಿ ಮಾಡಿದ್ರು, ಲೈಟ್ ಹಾಕಿದ್ಮೇಲೆ ಕವರ್ ಹಿಂದೆ ನೋಡಿದ್ರೆ ಸೀಗಡಿ.